ಶನಿವಾರ ಬೆಂದ ಚೀಲವಾದ್ಯ

ನೂರು ವರ್ಷದಿಂದ ಉಸಿರು ನಿಂತುಹೋಗಿದ್ದ ನಮ್ಮ ಫಿನ್‌ಲೆಂಡಿನ ಚೀಲವಾದ್ಯಕ್ಕೆ, ಅಂದರೆ ಬ್ಯಾಗ್‌ಪೈಪಿಗೆ, ಮತ್ತೆ ಜೀವ ಕೊಡುವ ಮಹಾಪುರುಷ ನಾನೇ ಎಂದು ನಂಬಿದ್ದೆ! ಅದು ಸತ್ತ ಕಥೆಯ ಬಗ್ಗೆ ಊರಿನ ಗ್ರಂಥಾಲಯದಲ್ಲಿ ಹನ್ನೊಂದು ಸಲ ಭಾಷಣ ಮಾಡಿದ್ದೆ. ಪಾದ್ರಿ ಅದನ್ನು ಪಾಪದ ವಾದ್ಯ ಎಂದು ಬೈದರು, ಪಿಟೀಲು ಬಂತು, ಅಕಾರ್ಡಿಯನ್ ಬಂದು ಕತ್ತು ಹಿಚುಕಿತು. ನನ್ನ ಹೆಂಡತಿ ಐಲಿ ಹನ್ನೊಂದು ಸಲವೂ ಮುಂದಿನ ಸಾಲಿನಲ್ಲೇ ಕೂತು ಆಕಳಿಸಿದ್ದಳು.

ಅವಳ ತಂದೆ ತೌನೊ ಆಸ್ಪತ್ರೆ ಸೇರಿದ್ದರು. ಡಾಕ್ಟರು ವಾರಗಳ ಮಾತು ಬಿಟ್ಟು ದಿನಗಳ ಮಾತಾಡತೊಡಗಿದ್ದರು. ತೌನೊ ಅವರ ಅಪ್ಪನೇ ನಮ್ಮೂರಿನ ಕೊನೆಯ ಚೀಲವಾದ್ಯಗಾರ. ಅವರ ಮರದ ಕೊಳವೆ ಅಟ್ಟದಲ್ಲಿ ಉಳಿದಿತ್ತು, ಗಾಳಿ ತುಂಬುವ ಚರ್ಮದ ಚೀಲ ಮಾತ್ರ ಇರಲಿಲ್ಲ.

"ಸಾಯೋದ್ರೊಳಗೆ ಒಂದ್ಸಲ ಆ ಸದ್ದು ಕೇಳಿಸಪ್ಪ ಅಳಿಯ," ಎಂದರು.

"ಭಾನುವಾರ ನಿಮ್ಮ ಮಂಚದ ಪಕ್ಕದಲ್ಲೇ ನಿಂತು ನುಡಿಸ್ತೀನಿ ಮಾವ," ಎಂದೆ, ಎದೆಯುಬ್ಬಿಸಿ.

ಕುರಿಚರ್ಮ ಹದ ಮಾಡಿದೆ, ಹೊಲಿದೆ, ಕೊಳವೆ ಕಟ್ಟಿದೆ. ಶುಕ್ರವಾರ ಊದಿದರೆ ಹೆರಿಗೆ ನೋವು ತಿನ್ನುವ ಹಸುವಿನ ಸ್ವರ! ನಾಯಿ ಓಡಿಹೋಯಿತು, ನನ್ನ ಕಣ್ಣು ತುಂಬಿತು. ಚರ್ಮ ಇನ್ನೂ ಒದ್ದೆಯಿತ್ತು. ಒಲೆ ಆರಿ ತಣ್ಣಗಿದ್ದ ಸೌನಾದಲ್ಲಿ, ಅಂದರೆ ನಮ್ಮ ಉಗಿಸ್ನಾನದ ಕೋಣೆಯಲ್ಲಿ, ಮೇಲಿನ ಹಲಗೆಯ ಮೇಲೆ ಒಣಗಲು ಇಟ್ಟೆ.

ಮರುದಿನ ಶನಿವಾರ. ಐಲಿ ಆಸ್ಪತ್ರೆಯಲ್ಲಿದ್ದಳು. ಬುದ್ಧಿ ಬಂದಾಗಿನಿಂದ ಒಂದು ಶನಿವಾರವೂ ಸೌನಾ ತಪ್ಪಿಸಿದವನಲ್ಲ ನಾನು. ಕೈ ತಾನಾಗಿಯೇ ಒಲೆಗೆ ಸೌದೆ ತುಂಬಿತು, ಕಡ್ಡಿ ಗೀರಿತು. ಎರಡು ಗಂಟೆ ಬಿಟ್ಟು, ಟವೆಲ್ ಸುತ್ತಿಕೊಂಡು ಮಹಾರಾಜನ ಗತ್ತಿನಲ್ಲಿ ಬಾಗಿಲು ತೆರೆದರೆ ಹುರಿದ ಕುರಿಯ ವಾಸನೆ! ಚೀಲ ಕೂಸಿನ ಕೈಗವಸಿನಷ್ಟಾಗಿತ್ತು. ಕೊಳವೆ ಉದ್ದಕ್ಕೂ ಸೀಳಿತ್ತು. ಆ ಬಿಸಿಯಲ್ಲೇ ಕೂತು ಅತ್ತುಬಿಟ್ಟೆ.

ಭಾನುವಾರ ಅದನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋದೆ. ಐಲಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಾವ ಬೆಳಿಗ್ಗೆಯೇ ಹೋಗಿಬಿಟ್ಟರಂತೆ. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಪೊಟ್ಟಣ ಬಿಚ್ಚಿ ತೋರಿಸಿ, "ಸೌನಾ" ಎಂದಷ್ಟೇ ಹೇಳಿದೆ.

ಅವಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಉರ್ಪೊ, ನಿನ್ನೆ ಅಪ್ಪ ನಿಂಗೊಂದು ಮಾತು ಹೇಳು ಅಂದಿದ್ರು. ಫೋನ್ ಮಾಡೋಕೆ ಮರೆತೆ."

"ಏನಂತೆ?"

"ಚೀಲಾನ ಸೌನಾದಲ್ಲಿ ಮಾತ್ರ ಇಡಬೇಡ ಅನ್ನು, ನಮ್ಮಪ್ಪನ ಚೀಲ ಬೆಂದುಹೋಗಿದ್ದೂ ಒಂದು ಶನಿವಾರವೇ, ಪಾಪ, ಪಾದ್ರಿ ಬೈದೇ ಇರ್ಲಿಲ್ಲ, ಅಂತ."