ಮುಂದಿನ ಆದೇಶದವರೆಗೆ ಐದು ವರ್ಷ

ನಮ್ಮ ಕುಟುಂಬ ಬೆಂಬಲ ಕೇಂದ್ರದಲ್ಲಿ ಇಂದಿನವರೆಗೆ ನಲವತ್ತೊಂದು ಮಕ್ಕಳ ವಯಸ್ಸನ್ನು ಕ್ರಮಬದ್ಧವಾಗಿ ನಿಲ್ಲಿಸಲಾಗಿದೆ. ಈ ಬಗ್ಗೆ ಯಾವ ಮಗುವಿನಿಂದಲೂ ಲಿಖಿತ ದೂರು ಬಂದಿಲ್ಲ. ಅರ್ಜಿಯ ನಮೂನೆ ತಯಾರಿಸಿದ ಗುಮಾಸ್ತ ನಾನೇ ಆದ್ದರಿಂದ, ಇದು ಶುರುವಾದದ್ದು ಹೇಗೆಂದು ಹೇಳುವ ಹಕ್ಕೂ ನನಗೇ ಸೇರಿದ್ದು.

ಕೇಂದ್ರದಲ್ಲಿ ಮೂರು ಕೋಣೆಗಳಿವೆ. ಹುಟ್ಟಿದ ದಿನದಿಂದ ಆರು ತುಂಬುವವರೆಗೆ ಮೊದಲನೆಯದು, ಹದಿಮೂರು ತುಂಬುವವರೆಗೆ ಎರಡನೆಯದು, ಹದಿನೆಂಟರವರೆಗೆ ಮೂರನೆಯದು. ಹದಿನೆಂಟು ತುಂಬಿದವರಿಗೆ ಹಿಂಬಾಗಿಲಿದೆ. ಮೊದಲ ಕೋಣೆಯಲ್ಲಿ ಒಬ್ಬ ಮಾತಿನ ಟೀಚರ್ ಇದ್ದಾರೆ. ಎರಡನೆಯದರಲ್ಲಿ ಇಲ್ಲ. ಆರು ತುಂಬಿದ ಮಕ್ಕಳು ಮಾತಾಡುತ್ತಾರೆಂದು ನಿಯಮದಲ್ಲೇ ಬರೆದಿರುವುದರಿಂದ ಆ ಹುದ್ದೆಯ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಬಟ್ಟೆ ಹೊಲಿದು ಬದುಕುವ ಒಬ್ಬ ತಾಯಿ ತಮ್ಮ ಮಗಳನ್ನು ಈ ಮೊದಲ ಕೋಣೆಗೆ ಕರೆತರುತ್ತಿದ್ದರು. ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಅದಕ್ಕೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಒಂದು ಪದ ಹೊರಡುತ್ತಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಎರಡು ವರ್ಷ ಕೂತು ಎದ್ದ ಮೇಲೆ ತರಗತಿ ಸಿಕ್ಕಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಆರನೇ ಹುಟ್ಟುಹಬ್ಬ ಬಂದು ಬಾಗಿಲಲ್ಲಿ ನಿಂತಿತು.

"ಗುರುವಾರ ಆರು ತುಂಬತ್ತಲ್ಲಮ್ಮ, ಇನ್ನು ಎರಡನೇ ಕೋಣೆ," ಎಂದರು ನಮ್ಮ ನಿರ್ದೇಶಕಿ.

"ಅಲ್ಲಿ ಮಾತು ಕಲಿಸೋರು ಇಲ್ವಲ್ಲ ಮೇಡಂ. ಈಗಷ್ಟೇ ತುಟಿ ಅಲ್ಲಾಡಿಸೋಕೆ ಶುರು ಮಾಡಿದಾಳೆ."

"ಕೇಳಿದ್ರೆ ಟೀಚರನ್ನ ಅಲ್ಲಿಗೂ ಕಳಿಸ್ಕೊಡ್ತೀವಿ. ಆದ್ರೆ ಎರಡನೇ ಕೋಣೇಲಿ ನಾವು ಮಗುವಿನ ದನಿಗೆ ಗೌರವ ಕೊಡ್ತೀವಿ. ಏನು ಬೇಕು ಅಂತ ಮಗುನೇ ಬಾಯಿಬಿಟ್ಟು ಕೇಳ್ಬೇಕು."

"ಬಾಯಿಬಿಟ್ಟು ಕೇಳೋ ಹಾಗಿದ್ರೆ ಟೀಚರ್ ಯಾಕೆ ಬೇಕಿತ್ತು ಮೇಡಂ?"

"ಅದನ್ನೂ ಅವಳೇ ಹೇಳ್ಬಹುದು." ನಿರ್ದೇಶಕಿ ಕನ್ನಡಕ ತೆಗೆದು, ಸಮಾಧಾನದ ದನಿಯಲ್ಲಿ ಸೇರಿಸಿದರು, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲಮ್ಮ."

"ನನ್ನ ಮಗಳಿಗೆ ಬೆಳ್ಳಿನೇ ಸಾಕು ಮೇಡಂ," ಎಂದು ಆ ತಾಯಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಸಂಜೆ ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ.

ನನಗೆ ಪಾಪ ಎನಿಸಿತು. ಮನೆಗೆ ಹೋಗುವುದೂ ತಡವಾಗುತ್ತಿತ್ತು. ನಿಯಮಾವಳಿ ತಿರುವಿದೆ. ವಯಸ್ಸು ಎಂದರೆ ಕೇಂದ್ರದ ದಾಖಲೆಯಲ್ಲಿರುವ ವಯಸ್ಸು ಎಂದಿತ್ತು. ಹುಟ್ಟಿದ ತಾರೀಕನ್ನು ತಿದ್ದುವುದು ಅಪರಾಧ, ಒಪ್ಪಿದೆ. ಆದರೆ ಹುಟ್ಟುಹಬ್ಬಕ್ಕೆ ಮಂಜೂರಾತಿ ಕೊಡದೆ ಇಟ್ಟುಕೊಳ್ಳುವುದು ಬರೀ ವಿಳಂಬ. ವಿಳಂಬದಲ್ಲಿ ನಮ್ಮ ಕಚೇರಿಗೆ ದೀರ್ಘ ಅನುಭವವಿದೆ. ನಿರ್ದೇಶಕಿಯವರು ನನ್ನ ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

"ಗುಬ್ಬಿ ಎಂಬ ಮಗು ಮುಂದಿನ ಆದೇಶದವರೆಗೆ ಐದು ವರ್ಷದಲ್ಲೇ ಇರತಕ್ಕದ್ದು. ಈ ಅವಧಿಯಲ್ಲಿ ಹಾಲುಹಲ್ಲು ಬಿದ್ದಲ್ಲಿ, ಎತ್ತರ ಹೆಚ್ಚಿದಲ್ಲಿ ಅಥವಾ ಬಟ್ಟೆ ಗಿಡ್ಡವಾದಲ್ಲಿ ಕೇಂದ್ರ ಹೊಣೆಯಲ್ಲ."

ಸುದ್ದಿ ಹಬ್ಬಲು ಒಂದು ವಾರ ಹಿಡಿಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಹಾಗೆ, ಎಲ್ಲಿ ಸೌಲಭ್ಯವಿದೆಯೋ ಅಲ್ಲಿಗೆ ತಕ್ಕಷ್ಟು ವಯಸ್ಸು ಕೇಳಿ ಜನ ಸಾಲುಗಟ್ಟಿದರು. ಮೂರನೇ ಕೋಣೆಯ ಯುವಕನೊಬ್ಬ ಹಿಂಬಾಗಿಲಿಗೆ ಹೆದರಿ ಹದಿನೇಳರಲ್ಲೇ ಉಳಿದ. ಅವನ ಅವಳಿ ತಂಗಿ ಅರ್ಜಿ ಹಾಕದೆ ಹದಿನೆಂಟು ತುಂಬಿಸಿಕೊಂಡಳು. ಇನ್ನು ಮುಂದೆ ಅವಳನ್ನು ಅಕ್ಕ ಎಂದು ಕರೆಯುವಂತೆ ಅವನಿಗೆ ಪತ್ರ ಕಳಿಸಿದ್ದೇವೆ. ಕರೆಯುತ್ತಿದ್ದಾನಂತೆ, ಒಳ್ಳೆಯ ಹುಡುಗ.

ಎಂಟು ತಿಂಗಳಾದ ಮೇಲೆ ತಪಾಸಣೆಗೆ ಮೇಲಧಿಕಾರಿಗಳೊಬ್ಬರು ಬಂದರು. ಮೊದಲ ಕೋಣೆಗೆ ಹೊಕ್ಕು, ಕೈಗೆ ಸಿಕ್ಕ ಮೊದಲ ಫೈಲು ತೆರೆದರು. ಅದು ಗುಬ್ಬಿಯದು. ಎದುರಿಗೇ ತಾಯಿಯ ಪಕ್ಕ ನಿಂತಿದ್ದ ಮಗುವಿನತ್ತ ಬಗ್ಗಿ, "ಏನ್ ಪುಟ್ಟಾ, ನಿಂಗೆ ಎಷ್ಟು ವರ್ಷ?" ಎಂದರು.

"ಆರು," ಎಂದಿತು ಮಗು.

ಆ ಬಾಯಿಂದ ಬಂದ ಮೊದಲ ಪದ ಅದು. ತಾಯಿ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟರು. ಮಾತಿನ ಟೀಚರ್ ಗೋಡೆಗೆ ಮುಖ ತಿರುಗಿಸಿದರು. ಸುಳ್ಳೇಕೆ ಹೇಳಲಿ, ನನ್ನ ಕಣ್ಣೂ ತುಂಬಿತು.

"ಇಲ್ಲಿ ಐದು ಅಂತ ಇದೆಯಲ್ರೀ," ಎಂದರು ಅಧಿಕಾರಿಗಳು.

ತಾಯಿಯ ಅಳು ಗಕ್ಕನೆ ನಿಂತಿತು. ಆರು ನಿಜವಾದರೆ ನಾಳೆಯಿಂದ ತರಗತಿ ಇಲ್ಲ ಎಂಬುದು ಅವರಿಗೆ ನಮ್ಮೆಲ್ಲರಿಗಿಂತ ಮೊದಲು ಹೊಳೆದಿತ್ತು.

"ಮಗು ತಪ್ಪು ಹೇಳ್ತಿದೆ ಸಾರ್," ಎಂದರು ನಿರ್ದೇಶಕಿ, ರೆಪ್ಪೆ ಬಡಿಯದೆ. "ಅದಕ್ಕೇ ಅಲ್ವಾ ಟೀಚರ್ ಇರೋದು."

ಅಧಿಕಾರಿಗಳು ಫೈಲನ್ನೊಮ್ಮೆ, ಮಗುವನ್ನೊಮ್ಮೆ ನೋಡಿದರು. ಫೈಲಿನಲ್ಲಿ ಮೊಹರಿತ್ತು, ಮಗುವಿನ ಮೇಲೆ ಇರಲಿಲ್ಲ. ಅವರು ಬರೆದರು: "ಮಾತು ಬಂದಿದೆ, ಉತ್ತರ ತಪ್ಪಿದೆ. ಸರಿಯುತ್ತರ ಬರುವವರೆಗೆ ತರಬೇತಿ ಮುಂದುವರಿಸತಕ್ಕದ್ದು." ಮಗು ತಪ್ಪು ಹೇಳಿದ್ದಕ್ಕೆ ಸಾಕ್ಷಿಯಾಗಿ ಪೋಷಕರ ಸಹಿ ಕೇಳಿದರು.

"ಸಹಿ ಹಾಕಿದ್ರೆ ಟೀಚರ್ ಇರ್ತಾರಾ ಸಾರ್?"

"ಇರ್ತಾರಮ್ಮ."

ತಾಯಿ ಕಣ್ಣೊರೆಸಿಕೊಂಡು, ಸ್ಪಷ್ಟವಾದ ಅಕ್ಷರದಲ್ಲಿ ಸಹಿ ಹಾಕಿದರು.

ಅಂದಿನಿಂದ ತಿಂಗಳಿಗೊಮ್ಮೆ ಗುಬ್ಬಿಗೆ ವಯಸ್ಸು ಕೇಳಿ ವರದಿ ಕಳಿಸುವುದು ನನ್ನ ಕೆಲಸ. ಕಳೆದ ವಾರ ಕೇಳಿದಾಗ ಅವಳು ನನ್ನ ಮೇಜು ಹಿಡಿದು ನಿಂತು, "ನಂಗೆ ಏಳು ವರ್ಷ ಅಂಕಲ್, ಎಷ್ಟು ಸಲ ಕೇಳ್ತೀರಾ?" ಎಂದಳು. ಪರಿಸ್ಥಿತಿ ಗಂಭೀರವಾಗಿದೆ. ಮೊದಲು ಒಂದು ಪದ ಮಾತ್ರ ತಪ್ಪಿತ್ತು, ಈಗ ಇಡೀ ವಾಕ್ಯವೇ ತಪ್ಪುತ್ತಿದೆ. ನಿರ್ದೇಶಕಿಯವರು ವಾರಕ್ಕೆ ಇನ್ನೂ ಎರಡು ತರಗತಿ ಮಂಜೂರು ಮಾಡಿದ್ದಾರೆ. ಮಗಳ ಸ್ಥಿತಿ ಹದಗೆಟ್ಟಿದೆ ಎಂಬ ಕಾಗದಕ್ಕೆ ತಾಯಿ ನಗುನಗುತ್ತಾ ಸಹಿ ಹಾಕಿ, ನನ್ನ ಪೆನ್ನನ್ನು ಮರೆತು ತೆಗೆದುಕೊಂಡು ಹೋದರು.