ಬೀಗರ ತಂಬಾಕೂ ನನ್ನ ಉಪ್ಪಿನಕಾಯಿ ಭರಣಿಯೂ

ಮಕ್ಕಳೇ, ನಿಮ್ಮ ಮಿಲಿಟರಿ ಅಜ್ಜ ನನ್ನ ಮನೆಗೆ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು, ಮೂಗು ಮೇಲೆತ್ತಿ ಗಾಳಿ ಮೂಸಿ, ಆಮೇಲೆ ಒಳಗೆ ಬರುತ್ತಾರೆ. ಯಾಕೆಂದು ನೀವು ಕೇಳುತ್ತೀರಿ. ನಿಮ್ಮ ಅವ್ವ ನಗುತ್ತಾಳೆಯೇ ಹೊರತು ಹೇಳುವುದಿಲ್ಲ. ಎದುರಿಗೆ ಕೂತು ಹೇಳಲು ನನಗೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನನಗೆ ಯಾರೂ ಮೋಸ ಮಾಡಲಾರರು. ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುವಿ ನೋಡುವವಳು ನಾನು. ಸಂತೆಯಲ್ಲಿ ನನ್ನನ್ನು ಕಂಡರೆ ತರಕಾರಿಯವರು ಬೇರೆ ಕಡೆ ಮುಖ ತಿರುಗಿಸುತ್ತಾರೆ. ಇಂಥವಳಿಗೆ ಒಂದು ಡಬ್ಬಿ ತಂಬಾಕು ಕೊಳ್ಳುವುದು ಯಾವ ಮಹಾ ಕೆಲಸ?

ತಂಬಾಕು ಯಾಕೆ ಬೇಕಾಯಿತು ಅಂದರೆ, ನಿಮ್ಮ ಅವ್ವ ಸವಿತಾಳ ಮದುವೆಯಲ್ಲಿ ಬೀಗರಿಗೆ, ಅಂದರೆ ನಿಮ್ಮ ಮಿಲಿಟರಿ ಅಜ್ಜನಿಗೆ, ನಾನು ಧೋತರ ಆಹೇರಿ ಮಾಡಿ ಉಡುಗೊರೆ ಕೊಟ್ಟಿದ್ದೆ. ಅವರೋ ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು, ಪ್ಯಾಂಟು ಹಾಕಿಕೊಂಡೇ ಹುಟ್ಟಿದವರಂತೆ ಕಾಣುವವರು! ಆ ಧೋತರ ಅವರ ಮನೆಯ ಕಿಟಕಿಗೆ ಪರದೆಯಾಯಿತು. ಬಂದವರಿಗೆಲ್ಲ "ಇದು ನಮ್ಮ ಬೀಗತ್ಯಾರ ಉಡುಗೊರಿ" ಎಂದು ತೋರಿಸುತ್ತಿದ್ದರಂತೆ. ಆಗೆಲ್ಲ ಸವಿತಾ ಒಳಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳಂತೆ.

ಅಷ್ಟರಲ್ಲಿ ಅಧಿಕ ಮಾಸ ಬರಲಿತ್ತು. ಅಳಿಯನನ್ನೂ ಬೀಗರನ್ನೂ ಕರೆದು ಹೋಳಿಗೆ ಉಣಿಸಿ ಉಡುಗೊರೆ ಕೊಡಬೇಕು. ಸವಿತಾ ಮೊದಲೇ ಫೋನು ಮಾಡಿದಳು.

"ಅವ್ವಾ, ಈ ಸಲ ಅರಿವಿ ಅಂಚಡಿ ಬ್ಯಾಡ. ಮಾವನೋರು ಪೈಪು ಸೇದ್ತಾರ. ಸಿಹಿ ವಾಸನಿ ಬರೂ ತಂಬಾಕ ಇರತೈತಿ ನೋಡು, ಅದನ್ನ ಕೊಡು. ಹಬ್ಬಕ್ಕೊಮ್ಮೆ ಹುಣ್ಣಿವಿಗೊಮ್ಮೆ ಸೇದವರು, ಒಂದ ಡಬ್ಬಿ ವರ್ಷಗಟ್ಟಲೆ ಇಡ್ತಾರ. ವಾಸನಿ ಹಾರಿದ್ದರ ಮಾತ್ರ ಕೈಯಾಗ ಸುದ್ದಾ ಹಿಡಿಯೂದಿಲ್ಲ."

"ಬಿಡವಾ, ನನಗ ಹೇಳಿಕೊಡ್ತಿಯೇನ?" ಎಂದೆ. ಎಂಥ ಧೈರ್ಯ!

ನಮ್ಮೂರು ಸೋನ್ಯಾಳದಿಂದ ಬಸ್ಸು ಹತ್ತಿ ಜತ್ತದ ಪೇಟೆಗೆ ಹೋದೆ. ತಂಬಾಕಿನ ಅಂಗಡಿಯ ಮುಂದೆ ಬರೀ ಗಂಡಸರು. ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಪಕ್ಕದ ಬಳೆ ಅಂಗಡಿಯ ಮುಂದೆ ಬಹಳ ಹೊತ್ತು ನಿಂತೆ. ಕೊನೆಗೆ ಅಂಗಡಿಯ ಬಿಳಿ ಗಡ್ಡದ ಚಾಚಾ ಅವರೇ ಕರೆದರು.

"ಬರ್ರಿ ಅವ್ವಾರ, ಕುಂದ್ರಿ. ಏನ ಕೊಡ್ಲಿ, ಮೂಗಿಗೆ ಏರಸೂ ತಪಕೀರ?"

"ನನಗಲ್ಲ!" ಎಂದು ಕೂಗಿಬಿಟ್ಟೆ. ಅಲ್ಲಿಯವರೆಗೆ ಯಾರೂ ನನ್ನತ್ತ ನೋಡಿರಲಿಲ್ಲ. ಈಗ ಎಲ್ಲರೂ ನೋಡಿದರು.

ಚಾಚಾ ಮೂರು ಡಬ್ಬಿ ತೆರೆದು ಮುಂದಿಟ್ಟರು. "ಇದು ಚೆರಿ ಹಣ್ಣಿಂದು. ತೆರದ ಕೂಡ್ಲೆ ಘಮ್ ಅಂತೈತಿ, ಆದ್ರ ಮ್ಯಾಲ ಹಚ್ಚಿದ ಅತ್ತರ ಇದ್ದಂಗ, ಲಗೂನ ಹಾರತೈತಿ. ಇದು ವೆನಿಲಾ, ಸ್ವಲ್ಪ ದಿನ ತಾಳತೈತಿ. ಇದು ನೋಡ್ರಿ ಜೇನಿಂದು. ತಂಬಾಕಿನ ಎಲೀನ ಸಿಹಿ, ಅದಕ್ಕ ಜೇನು ಕುಡಿಸಿ ಒತ್ತಿ ಇಟ್ಟಾರ. ಈಗ ಮೂಗಿಗೆ ಕಡಿಮಿ ಅನಸ್ತೈತಿ. ಆದ್ರ ಉಪ್ಪಿನಕಾಯಿ ಹಂಗ, ಹಳೇದ ಆದಂಗ ರುಚಿ ಏರತೈತಿ."

ನನಗೆ ಕೂಡಲೇ ಸಂಶಯ ಬಂತು. ಘಮಘಮಿಸುವುದು ಬೇಡ, ವಾಸನೆ ಕಡಿಮೆ ಇರುವುದೇ ಒಳ್ಳೆಯದು ಅಂದರೆ ಏನರ್ಥ? ಹಳೆಯ ಮಾಲು! ಬದನೆಕಾಯಿ ಪರೀಕ್ಷೆ ಮಾಡುವ ಗಾಂಭೀರ್ಯದಿಂದ ಚೆರಿ ಡಬ್ಬಿಯೊಳಗೆ ಮೂಗಿಟ್ಟು ಜೋರಾಗಿ ಉಸಿರೆಳೆದೆ.

ಸೀನು ಬಂತು. ಚೆರಿ ತಂಬಾಕೆಲ್ಲ ಚಾಚಾ ಅವರ ಗಡ್ಡದಲ್ಲಿ!

ಅವರು ಗಡ್ಡ ಕೊಡವಿಕೊಂಡು, "ಇರ್ಲಿ ಬಿಡ್ರಿ, ಇವತ್ತ ಅತ್ತರದ ಖರ್ಚು ಉಳೀತು" ಎಂದರು. ಎರಡನೆಯ ಡಬ್ಬಿ ಮೂಸುವ ಮುಖ ನನಗೆಲ್ಲಿತ್ತು? ಜೇನಿನದನ್ನೇ ಕೊಡಿ ಎಂದೆ. ಅವರು ಒಳಗಿನಿಂದ ಸೀಲು ಮಾಡಿದ ಹೊಸ ಡಬ್ಬಿ ತಂದುಕೊಟ್ಟು, "ಕೊಡೂತನಕ ತೆರಿಬ್ಯಾಡ್ರಿ" ಎಂದರು.

ತೆರಿಬ್ಯಾಡ್ರಿ! ಬಸ್ಸಿನ ತುಂಬ ಅದೇ ಮಾತು ಕಿವಿಯಲ್ಲಿ. ಒಳಗೆ ಕಟ್ಟಿಗೆ ಪುಡಿ ತುಂಬಿದವರೂ ಹಾಗೆಯೇ ಹೇಳುತ್ತಾರಲ್ಲವೇ? ಮನೆಗೆ ಬಂದವಳೇ ಚಾಕುವಿನಿಂದ ಸೀಲು ಎಬ್ಬಿಸಿದೆ. ಮೆತ್ತಗಿನ ಕಪ್ಪು ಎಲೆ, ಹೂರಣ ಬೇಯುವಾಗ ಬರುವಂಥ ಸಿಹಿ ವಾಸನೆ. ಮೋಸವಿರಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಈಗ ಸೀಲು ಹೋಗಿತ್ತು. ಆದರೆ ಚಾಚಾ ಅವರೇ ಹೇಳಿದ್ದರಲ್ಲ, ಉಪ್ಪಿನಕಾಯಿ ಹಂಗ ಅಂತ. ಉಪ್ಪಿನಕಾಯಿ ಕೆಡದಂತೆ ಇಡುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಇಲ್ಲ. ಕೆಂಡದ ಮೇಲೆ ಹಿಂಗಿನ ಹರಳು ಹಾಕಿ, ಆ ಹೊಗೆಯ ಮೇಲೆ ಭರಣಿಯನ್ನು ಬೋರಲು ಹಿಡಿಯಬೇಕು. ಭರಣಿ ಹಿಂಗಿನ ಹೊಗೆ ಕುಡಿದರೆ ಒಳಗಿನದು ವರ್ಷವಾದರೂ ಕೆಡುವುದಿಲ್ಲ. ಹಾಗೆಯೇ ಮಾಡಿದೆ. ಬೀಗರ ತಂಬಾಕೆಂದು ಹಿಂಗನ್ನು ಕೈ ಬಿಚ್ಚಿಯೇ ಹಾಕಿದೆ! ತಂಬಾಕನ್ನು ಭರಣಿಗೆ ಸುರಿದು ಬಟ್ಟೆ ಕಟ್ಟಿದೆ. ಖಾಲಿ ಡಬ್ಬಿ ಗಟ್ಟಿಯಾಗಿತ್ತು. ಬೂದಿ ಹಚ್ಚಿ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಸಾಸಿವೆ ತುಂಬಿಟ್ಟೆ.

ಆಮೇಲೆ ಶುರುವಾಯಿತು ಕಾವಲು. ಪಕ್ಕದ ಮನೆಯ ಗಂಗವ್ವ ದಿನಾ ಬಂದು ಹರಟೆ ಹೊಡೆಯುವವಳು, ತಪಕೀರು ಏರಿಸುವವಳು. ತಂಬಾಕಿನ ವಾಸನೆ ಹಿಡಿದು ಬಿಟ್ಟಾಳೆಯೇ? ಅವಳು ಎದ್ದು ಹೋದ ಕೂಡಲೇ ಭರಣಿ ಬಿಚ್ಚಿ ಮೂಸುತ್ತಿದ್ದೆ. ಬೆಳಿಗ್ಗೆ ಎದ್ದು ಒಮ್ಮೆ, ಉಂಡ ಮೇಲೆ ಒಮ್ಮೆ. ದಿನದಿನಕ್ಕೂ ಸಿಹಿ ವಾಸನೆ ಇಳಿಯುತ್ತಿತ್ತು. ದಿನದಿನಕ್ಕೂ ಗಂಗವ್ವನ ಮೇಲಿನ ಸಂಶಯ ಏರುತ್ತಿತ್ತು. ಎಲೆಯೂ ಒಣಗಿ ತರಗಾಗಿ, ಕುಗ್ಗಿ ಕಡಿಮೆಯಾದಂತೆ ಕಂಡಿತು. ಇನ್ನೇನು ಸಾಕ್ಷಿ ಬೇಕು? ಗಂಗವ್ವನ ಜೊತೆ ಮಾತು ಬಿಟ್ಟೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ. ನಾನು ಹೇಳಲೂ ಇಲ್ಲ, ನನ್ನದು ಸಂಕೋಚದ ಸ್ವಭಾವ.

ಹೋದ ಸಿಹಿಯನ್ನು ಮರಳಿ ತರಲು ಎಲೆಗೆ ಬೆಲ್ಲದ ನೀರು ಚಿಮುಕಿಸಿದೆ. ಇರುವೆ ಬಂದವು. ಇರುವೆ ಓಡಿಸಲು ಮಾಳಿಗೆಯ ಬಿಸಿಲಿನಲ್ಲಿ ಹರವಿದೆ. ಇರುವೆ ಹೋದವು, ಉಳಿದಿದ್ದ ವಾಸನೆಯನ್ನೂ ಕರೆದುಕೊಂಡು ಹೋದವು!

ಅಧಿಕ ಮಾಸ ಬಂತು. ಬೀಗರು ಬಂದರು, ಅಳಿಯ ಬಂದ, ಸವಿತಾ ಬಂದಳು. ಮಾತು ಬಿಟ್ಟಿದ್ದರೂ ಗಂಗವ್ವ ಹೋಳಿಗೆ ಲಟ್ಟಿಸಲು ತಾನಾಗಿ ಬಂದಳು. ಊಟವಾದ ಮೇಲೆ ಬೆಳ್ಳಿ ತಟ್ಟೆಯಲ್ಲಿ ಭರಣಿ ಇಟ್ಟು ಬೀಗರ ಮುಂದೆ ತಂದೆ. ಅವರ ಮೀಸೆ ಸ್ವಲ್ಪ ಅರಳಿತು. ಸವಿತಾ ನನ್ನ ಕಡೆ ನೋಡಿ ಕಣ್ಣಲ್ಲೇ ಶಾಬಾಸ್ ಅಂದಳು. ಬೀಗರು ಪೈಪು ತುಂಬಿ, ಕಡ್ಡಿ ಗೀರಿ, ಒಂದು ದಮ್ಮು ಎಳೆದರು.

ಮನೆಯ ತುಂಬ ಹಿಂಗು! ಕಟ್ಟಿನ ಸಾರಿಗೆ ಯಾರೋ ಎರಡನೆಯ ಸಲ ಒಗ್ಗರಣೆ ಕೊಟ್ಟ ಹಾಗೆ! ಬೀಗರ ಕಣ್ಣಲ್ಲಿ ನೀರು. ಕೆಮ್ಮಿದರು, ಸುಧಾರಿಸಿಕೊಂಡರು, ಮತ್ತೆ ಕೆಮ್ಮಿದರು. ಸವಿತಾ ಖಾಲಿ ತಾಟುಗಳನ್ನು ಎತ್ತಿಕೊಂಡು ಒಳಗೆ ನಡೆದಳು. ಮತ್ತೆ ತೊಳೆದ ಪಾತ್ರೆ ತೊಳೆಯುವ ಬಾಳು ಬಂತೇ ಇವಳಿಗೆ?

"ಬೀಗತ್ಯಾರ," ಎಂದರು ಅವರು ಕಣ್ಣೊರೆಸಿಕೊಂಡು, "ನಮ್ಮ ಅವ್ವನೂ ಭರಣಿಗೆ ಹಿಂಗಿನ ಹೊಗಿ ಹಾಕ್ತಿದ್ಲು. ಆದ್ರ ಸೇದು ಅಂತ ನನ್ನ ಕೈಯಾಗ ಕೊಟ್ಟಿರಲಿಲ್ರಿ!"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನನ್ನ ತಪ್ಪಲ್ರಿ! ವಾಸನಿ ಎಲ್ಲಾ ಈ ಗಂಗವ್ವ ಕದ್ದಾಳ್ರಿ!"

ಗಂಗವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ನಾನ? ಏ ಯವ್ವಾ, ತಪಕೀರ ಏರಿಸಿ ಏರಿಸಿ ನನ್ನ ಮೂಗ ಸತ್ತು ಎಷ್ಟೋ ವರ್ಷಾತು! ಈಗೂ ಇವರೆಲ್ಲಾ ಯಾಕ ಕೆಮ್ಮಾಕತ್ತಾರ ಅನ್ನೂದ ನನಗ ತಿಳಿವಲ್ದು!"

ಬೀಗರು ಮಿಲಿಟರಿ ವಿಚಾರಣೆ ಶುರು ಮಾಡಿದರು. "ಮೊದಲಿನ ಡಬ್ಬಿ ಎಲ್ಲೈತ್ರಿ?"

ಸಾಸಿವೆ ಡಬ್ಬಿ ತಂದುಕೊಟ್ಟೆ. ಮುಚ್ಚಳ ತೆರೆದು ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು. "ಸುವಾಸನಿ ಎಲ್ಲಾ ಇಲ್ಲೇ ಕುಂತೈತಲ್ರಿ! ಇನ್ನ ನಾನು ಸಾಸಿವಿ ಸೇದಬೇಕೇನ್ರಿ?"

ಒಳಗಿನಿಂದ ಒಂದು ನಗೆ ಕೇಳಿತು. ಸವಿತಾ! ಮಾವನ ಎದುರಿಗೆ ಎಂದೂ ದನಿ ಎತ್ತದವಳು ಪಾತ್ರೆ ಕೆಳಗಿಟ್ಟು, ಗೋಡೆಗೆ ಒರಗಿ ನಗುತ್ತಿದ್ದಳು. ಬೀಗರು ಅವಳನ್ನು ಒಂದು ಕ್ಷಣ ನೋಡಿದರು.

"ಸವಿತಾ, ಮನಿಗೆ ಹೋದಮ್ಯಾಲ ಆ ಧೋತರದ ಪರದಿ ತಗದುಬಿಡವಾ," ಎಂದರು. "ಬಂದವರಿಗೆ ಹೇಳಾಕ ಅದಕ್ಕಿಂತ ಚಲೋ ಕತಿ ಸಿಕ್ತು."

ಹೀಗೆ ನಿಮ್ಮ ಅವ್ವನ ಮಾನ ಉಳಿಯಿತು, ನನ್ನದು ಹೋಯಿತು. ಬೀಗರು ಹೇಳಿದ ಹಾಗೆಯೇ ಮಾಡಿದರು. ಪರದೆ ಇಳಿಯಿತು, ಕತೆ ಏರಿತು. ಈಗ ಅವರ ಊರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. "ಹಿಂಗಿನ ಬೀಗತಿ" ಅಂದರೆ ಗೊತ್ತು.

ಇನ್ನೊಂದು ಮಾತು ಮಕ್ಕಳೇ. "ಆಯಿ, ನಿನ್ನ ಸಾರಿಗಷ್ಟೇ ಯಾಕ ಜೇನಿನ ವಾಸನಿ?" ಎಂದು ನೀವು ಕೇಳಿದಾಗಲೆಲ್ಲ ನಾನು "ಕೈಗುಣ" ಎನ್ನುತ್ತಿದ್ದೆನಲ್ಲ?

ಕೈಗುಣವಲ್ಲ. ಆ ಡಬ್ಬಿ. ಒಗ್ಗರಣೆಯ ಸಾಸಿವೆ ಈಗಲೂ ಅದರಲ್ಲೇ. ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ. ವರ್ಷವಾದಂತೆ ರುಚಿ ಏರುತ್ತದೆ ಎಂದಿದ್ದ ಚಾಚಾ ಅವರ ಮಾತಿನಲ್ಲಿ ಒಂದಿಷ್ಟೂ ಮೋಸವಿರಲಿಲ್ಲ.