ಅಮರೇಶಪ್ಪನ ವ್ಯೂಹ

ಜೋಗಪ್ಪ ಕೇಳಿದ್ದು ನೂಲು ಸುತ್ತಿದ ಇಪ್ಪತ್ತೆರಡು ಕಂಡಿಕೆ, ಅದೂ ಎರಡೇ ನಿಮಿಷಕ್ಕೆ. ಅಮರೇಶಪ್ಪ ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತ ನೇಕಾರ ಎದ್ದು ಓಡಿಹೋಗುವ ಹಾಗಿಲ್ಲ. ‘ಇಲ್ಲ’ ಎನ್ನುವ ಮಾತಂತೂ ಅವನ ನಾಲಗೆಗೆ ಹುಟ್ಟಿದಾಗಿನಿಂದ ಒಗ್ಗಿರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದುದರಿಂದಲೇ ಹಿಂದೂಪುರದ ಆ ಬೀದಿಯ ಫುಟ್‌ಬಾಲ್ ಪಂಡಿತರು ಅವನ ಮನೆಯ ಜಗುಲಿಯನ್ನು ತಮ್ಮ ಕಚೇರಿ ಮಾಡಿಕೊಂಡಿದ್ದರು.

ಅಂದು ಭಾನುವಾರ. ಸಾಯಂಕಾಲ ಜಿಲ್ಲಾ ಲೀಗಿನಲ್ಲಿ ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಪಂದ್ಯ. ಬೆಳಗಾಗುವುದರೊಳಗೆ ಜಗುಲಿ ತುಂಬಿತ್ತು. ಸೋಡಾ ಅಂಗಡಿಯ ಜೋಗಪ್ಪ ಒಂದು ಕಡೆ, ದರ್ಜಿ ಓಬಳೇಶಪ್ಪ ಇನ್ನೊಂದು ಕಡೆ, ನಡುವೆ ತಲೆಯಾಡಿಸಲು ಹತ್ತು ಜನ. ಜೋಗಪ್ಪ ಹಿಂದಿನ ವರ್ಷ ನೇಕಾರರ ಸೊಸೈಟಿಯ ಟೀವಿಯಲ್ಲಿ ವರ್ಲ್ಡ್ ಕಪ್ ನೋಡಿದ್ದ. ಆ ಟೀವಿಯ ತುಂಬ ರಾಗಿಹಿಟ್ಟು ಜರಡಿ ಹಿಡಿದಂತೆ ಕಾಣುತ್ತಿದ್ದುದರಿಂದ ಅವನಿಗೆ ಕಂಡವರು ಅರ್ಧ ಆಟಗಾರರು ಮಾತ್ರ. ಆದರೂ ಊರಿನ ತಂಡದ ನಾಯಕ ಅವನ ಅಕ್ಕನ ಮಗ, ತಂಡದ ಅಂಗಿ ಹೊಲಿದವನು ಓಬಳೇಶಪ್ಪ. ಹಾಗಾಗಿ ಇವರಿಬ್ಬರೂ ಒಪ್ಪದೆ ಆ ಹುಡುಗರು ಚೆಂಡು ಮುಟ್ಟುತ್ತಿರಲಿಲ್ಲ.

“ಆಟ ಅಂದ್ರೆ ನುಗ್ಗಾದು ಕಣ್ಲಾ,” ಎಂದ ಜೋಗಪ್ಪ, ಆಟಗಾರರನ್ನು ನಿಲ್ಲಿಸುವಂತೆ ಜಗುಲಿಯ ಮೇಲೆ ಕಂಡಿಕೆಗಳನ್ನು ಜೋಡಿಸುತ್ತ. “ಹಿಂದೆ ನಿಂತ್ಕಂಡು ಯಾವನಾದ್ರೂ ಗೋಲ್ ಹೊಡ್ದವ್ನಾ?”

“ನುಗ್ಗಿ ನುಗ್ಗಿ ಮೂತಿ ಒಡ್ಕಂಡಿದ್ದು ಸಾಲ್ದಾ?” ಎಂದ ಓಬಳೇಶಪ್ಪ. “ಮನೆ ಬಾಗ್ಲು ಹಾಕ್ಕಂಡು ಆಮ್ಯಾಕೆ ಸಂತೆಗೋಗ್ಬೇಕು ಕಣಪ್ಪ. ಅವ್ರ ಕಡೆ ಒಬ್ಬ ಲಂಬೂ ಅವ್ನೆ. ನಮ್ಮ ಗೋಲಿನ ಮುಂದೆ ಬಂದು ಕೊಕ್ಕರೆ ನಿಂತಂಗೆ ನಿಂತ್ಕಂಬುಡ್ತಾನೆ. ಹಿಂದ್ಗಡೆಯಿಂದ ಉದ್ದಕ್ಕೆ ಒದೀತಾರೆ, ಇವ್ನು ತಲೆ ಕೊಡ್ತಾನೆ. ಅವ್ರಿಗೆ ಬರೋದು ಅದೊಂದೇ ಆಟ. ಅವ್ನ ಸುತ್ತ ನಾಕು ಜನ ಕಾವಲು ನಿಲ್ಸಿದ್ರೆ ಸರಿಹೋಯ್ತು.”

ಚೆಂಡಿನ ಬದಲು ಒಂದು ಕಡಲೆಬೀಜ ಇತ್ತು. ಅದನ್ನು ಯಾರೋ ಬಾಯಿಗೆ ಹಾಕಿಕೊಂಡರು. ಇನ್ನೊಂದು ಇಟ್ಟರು. ಅದೂ ಹೋಯಿತು.

“ಅಮರೇಶ, ನೀನೇ ಹೇಳ್ಲಾ. ನುಗ್ಗಾದಾ, ಕಾಯಾದಾ?” ಎಂದ ಜೋಗಪ್ಪ.

“ನಂಗೇನ್ ಗೊತ್ತಣ್ಣ? ಕಂಡಿಕೆ ಕೊಟ್ಬುಡಿ, ಬೀಗ್ರು ಬತ್ತಾರೆ,” ಎಂದು ಅಮರೇಶಪ್ಪ ಒಳಗಿನಿಂದ ಅಳುವ ಧ್ವನಿಯಲ್ಲಿ ಹೇಳಿದ.

ಬೀಗರು ಬರುವುದು ನಿಜವಾಗಿತ್ತು. ಕಲ್ಯಾಣದುರ್ಗದ ಶಂಕರಯ್ಯನವರು ಅಮರೇಶಪ್ಪನ ಮಗಳು ಗಂಗಾದೇವಿಯನ್ನು ತಮ್ಮ ಮಗ ಗಿರಿಯಪ್ಪನಿಗೆ ನೋಡಲು ಅಂದೇ ಬರುವವರಿದ್ದರು. ಅವರಲ್ಲಿ ಹುಡುಗಿಯನ್ನು ನೋಡುವ ಮೊದಲು ಹುಡುಗಿಯ ಅಪ್ಪನ ಮಗ್ಗ ನೋಡುವುದು ಪದ್ಧತಿ. ನೇಯ್ಗೆ ಒಂದೇ ಸಮನಾಗಿದ್ದರೆ ಮನೆಯೂ ನೆಟ್ಟಗಿದೆ ಎಂದು ಲೆಕ್ಕ. ಹಿಂದಿನ ಎರಡು ಸಂಬಂಧಗಳು ಮಗ್ಗದವರೆಗೆ ಬಂದು ಮುರಿದಿದ್ದವು. ಗಂಗಾದೇವಿಯಾದರೋ ಈ ಹುಡುಗನನ್ನು ಪರಿಗಿಯ ಒಂದು ಮದುವೆಯಲ್ಲಿ ನೋಡಿದ್ದಳು. ಅವಳ ಎಲೆಗೆ ಮಾತ್ರ ಎರಡು ಸಲ ಪಾಯಸ ಬಡಿಸಿದ್ದನಂತೆ. ಅಂದಿನಿಂದ ಬೇರೆ ಸಂಬಂಧದ ಮಾತೆತ್ತಿದರೆ ಸಾಕು, ಹುಡುಗಿ ಹಿತ್ತಲಿಗೆ ಹೋಗಿ ಕೊಡ ತಿಕ್ಕುತ್ತ ಕೂರುತ್ತಿದ್ದಳು. ಕೊಡ ಸವೆದು ತೂತಾಗುವ ಮೊದಲು ಮದುವೆಯಾದರೆ ಸಾಕೆಂದು ಅವಳ ತಾಯಿ ರಾಮಕ್ಕ ದೇವರಿಗೆ ಹರಸಿಕೊಂಡಿದ್ದಳು.

ಮಗ್ಗದ ಮೇಲಿದ್ದುದು ಕೆಂಪು ರೇಷ್ಮೆ ಸೀರೆ. ಬೀಗರು ಬರುವುದರೊಳಗೆ ಇನ್ನೊಂದು ಗೇಣು ನೇಯ್ದು ಮುಗಿಸಿದರೆ ಸೆರಗಿನ ಅಂದ ಪೂರ್ತಿ ಕಾಣುತ್ತದೆ ಎಂದು ಅಮರೇಶಪ್ಪನ ಆಸೆ. ಆದರೆ ಲಾಳಿಯೊಳಗಿಡುವ ನೂಲಿನ ಕಂಡಿಕೆಗಳೆಲ್ಲ ಜಗುಲಿಯ ಮೇಲೆ ಫುಟ್‌ಬಾಲ್ ಆಡುತ್ತಿದ್ದವು. ರಾಮಕ್ಕ ಹೊರಗೆ ಬಂದು, “ಏನಣ್ಣಾ ನೀವು, ಹೆಣ್ಣು ನೋಡೋಕೆ ಬರೋ ದಿನಾನೂ ಬಿಡಂಗಿಲ್ವಾ?” ಎಂದು ಗದರಿ ಎಲ್ಲವನ್ನೂ ಬಾಚಿ ಒಂದೇ ಬುಟ್ಟಿಗೆ ಹಾಕಿಕೊಂಡು ಹೋದಳು.

ಎಡವಟ್ಟಾದದ್ದು ಅಲ್ಲೇ. ಮೊದಲು ಅಲ್ಲಿ ಎರಡು ಬುಟ್ಟಿಗಳಿದ್ದವು. ಒಂದರಲ್ಲಿ ಮೊದಲ ಹಂಡೆಯಲ್ಲಿ ಬಣ್ಣ ಅದ್ದಿದ ನೂಲು, ಇನ್ನೊಂದರಲ್ಲಿ ಎರಡನೇ ಹಂಡೆಯದು. ಮನೆಯೊಳಗಿನ ಮಬ್ಬಿನಲ್ಲಿ ಎರಡೂ ಒಂದೇ ಕೆಂಪು. ಬಿಸಿಲಿಗೆ ಹಿಡಿದರೆ ಒಂದು ಕುಂಕುಮ, ಇನ್ನೊಂದು ಇಟ್ಟಿಗೆ. ಜೋಗಪ್ಪ ಹಿಂದೂಪುರವನ್ನು ಒಂದು ಬುಟ್ಟಿಯಿಂದ, ಕಲ್ಯಾಣದುರ್ಗವನ್ನು ಇನ್ನೊಂದರಿಂದ ತೆಗೆದಿದ್ದ. ಈಗ ಎರಡೂ ತಂಡ ಕಲೆತುಹೋಗಿದ್ದವು. ಅಮರೇಶಪ್ಪ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಲಾಳಿಗೆ ತುಂಬಿ ಒಂದೇ ಉಸಿರಿಗೆ ಗೇಣುದ್ದ ನೇಯ್ದ. ಆಮೇಲೆ ರಾಮಕ್ಕ ಕಿಟಕಿ ತೆರೆದಳು. ಬಿಸಿಲು ಬಿತ್ತು. ಸೆರಗಿನ ನಡುವೆ ಬೆರಳಗಲದ ಇಟ್ಟಿಗೆ ಬಣ್ಣದ ಪಟ್ಟೆ, ಕುಂಕುಮದ ಹಣೆಗೆ ಕೆಸರು ಮೆತ್ತಿದಂತೆ.

ನೇಯ್ದದ್ದನ್ನು ಬಿಚ್ಚಲು ನೇಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಹೊರಗೆ ಜೋಗಪ್ಪನ ಧ್ವನಿ ಕೇಳಿಸಿತು.

“ಯಾವೂರು ಸ್ವಾಮಿ ತಮ್ದು?”

“ಕಲ್ಯಾಣದುರ್ಗ.”

ಜಗುಲಿಯ ಮೇಲಿನ ತಲೆಗಳೆಲ್ಲ ಒಮ್ಮೆಲೇ ತಿರುಗಿದವು. ಪಂದ್ಯದ ದಿನ ಎದುರಾಳಿಯ ಊರಿನವನು ತಮ್ಮ ಕಚೇರಿಗೇ ಬಂದಿದ್ದಾನೆ! ಜೋಗಪ್ಪ ಕಣ್ಣು ಮಿಟುಕಿಸಿ, “ನಮ್ಮದೇನಿಲ್ಲ ಸ್ವಾಮಿ, ಈ ಸಲ ನಮ್ಮ ಹುಡುಗ್ರಿಗೆಲ್ಲ ಕಾಲ್ನೋವು,” ಎಂದ. ಓಬಳೇಶಪ್ಪ ಇನ್ನೂ ಮುಂದಕ್ಕೆ ಹೋಗಿ, “ಗೂಢಚಾರಿಕೆಗೆ ಬಂದ್ರೆ ಇಲ್ಲೇನೂ ಗಿಟ್ಟಲ್ಲ, ಎಲ್ಲಿಪೋವಯ್ಯಾ!” ಎಂದು, ಹೊರಟುಹೋಗಲು ತೆಲುಗಿನಲ್ಲೇ ದಾರಿ ತೋರಿಸಿದ. ಅಮರೇಶಪ್ಪ ಗುಂಡಿಯಿಂದ ಹಾರಿ ಬಂದು, “ಬೀಗ್ರು ಕಣಣ್ಣಾ, ಬೀಗ್ರು!” ಎಂದು ಕೈಮುಗಿದು ಶಂಕರಯ್ಯನವರನ್ನು ಒಳಗೆ ಕರೆದುಕೊಂಡು ಹೋದ.

ಶಂಕರಯ್ಯನವರು ಕಾಲು ತೊಳೆದುಕೊಂಡು ನೇರವಾಗಿ ಮಗ್ಗದ ಬಳಿ ಹೋದರು. ಬಗ್ಗಿದರು. ಪಟ್ಟೆಯ ಮೇಲೆ ಬೆರಳಾಡಿಸಿದರು. ಬಾಗಿಲ ಸಂದಿಯಲ್ಲಿ ಗಂಗಾದೇವಿಯ ಕಣ್ಣು ಕಾಣುತ್ತಿತ್ತು. ಅಮರೇಶಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಂಡಿಕೆ ಕೊಟ್ಟದ್ದು, ಜಗುಲಿಯ ಮೇಲೆ ಎರಡು ತಂಡ ಕಟ್ಟಿದ್ದು, ಅವು ಕಲೆತದ್ದು ಎಲ್ಲವನ್ನೂ ಒದರಿಬಿಟ್ಟ. “ನನ್ ಕೈ ತಪ್ಪಲ್ಲ ಬೀಗ್ರೇ, ನನ್ ಹಣೇಬರಾ,” ಎಂದು ಮುಗಿಸಿದ.

ಶಂಕರಯ್ಯನವರು ಪಟ್ಟೆಯಿಂದ ಬೆರಳು ತೆಗೆದು ಮೆಲ್ಲಗೆ ಕೇಳಿದರು. “ಕಲ್ಯಾಣದುರ್ಗದ ಗೋಲ್‌ಕೀಪರನ್ನ ಎಲ್ಲಿ ನಿಲ್ಸಿದ್ರು?”

“ಆ ಕಂಬದತ್ರ.”

“ಅವ್ನೇ ಕಣಪ್ಪ ನನ್ ಮಗ!”

ಅವರು ನಕ್ಕ ನಗುವಿಗೆ ಮಗ್ಗದ ಹಗ್ಗಗಳು ಅಲುಗಿದವು. “ಪಟ್ಟೆ ಬಿಡು, ಪರ್ವಾಲೇದು. ಫುಟ್‌ಬಾಲಿಂದ ಆದ ತಪ್ಪು ತಪ್ಪೇ ಅಲ್ಲ. ಮಿಕ್ಕ ನೇಯ್ಗೆ ಕನ್ನಡಿ ಇದ್ದಂಗೈತೆ. ಹುಡ್ಗೀನ ಕರೀರಿ.”

ಗಂಗಾದೇವಿ ಕಾಫಿ ತಂದಳು. ಶಂಕರಯ್ಯನವರು ಕುಡಿದರು, ಮೆಚ್ಚಿದರು. ರಾಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮರೇಶಪ್ಪನಿಗೆ ಎಷ್ಟೋ ವರ್ಷಗಳ ಮೇಲೆ ಎದೆಯ ಭಾರ ಇಳಿದಂತಾಯಿತು. ಅವನ ಬಾಳಿನಲ್ಲಿ ಇಂಥ ಸುಖ ಒಂದು ಲೋಟ ಕಾಫಿ ಆರುವಷ್ಟು ಹೊತ್ತಿಗಿಂತ ಹೆಚ್ಚು ನಿಂತದ್ದಿಲ್ಲ.

“ಒಂದೇ ಒಂದು ಮಾತು,” ಎಂದರು ಶಂಕರಯ್ಯನವರು. “ನಮ್ ಹುಡುಗ ಆಂಜನೇಯನ ಮುಂದೆ ಆಣೆ ಇಟ್ಬುಟ್ಟವ್ನೆ. ಹಿಂದೂಪುರದ ಮೇಲೆ ಗೆಲ್ಲೋಗಂಟ ತಾಳಿ ಕಟ್ಟಾಕಿಲ್ಲ ಅಂತ. ಮೂರು ವರ್ಷದಿಂದ ಸೋಲ್ತಾನೇ ಅವ್ರೆ. ಈ ಸಲ ಗೆಲ್ತಾರೆ ಬಿಡಿ. ಗೆದ್ದ ತಕ್ಷಣ ಮೈದಾನದಿಂದ ಇಲ್ಲಿಗೇ ಬತ್ತೀನಿ, ತಾಂಬೂಲ ಬದಲಾಯಿಸ್ಕಳಣ.”

ಅವರು ಹೋದ ಮೇಲೆ ಅಮರೇಶಪ್ಪ ಗೋಡೆಗೆ ಒರಗಿ ಕೂತ. ಗಂಗಾದೇವಿ ಹತ್ತಿರ ಬಂದು, “ಅಪ್ಪಾ, ಯಾರು ಗೆಲ್ತಾರೆ?” ಎಂದಳು. ಫುಟ್‌ಬಾಲಿನ ಬಗ್ಗೆ ಆ ಮನೆಯವರು ಕೇಳಿದ ಮೊದಲ ಪ್ರಶ್ನೆ ಅದು. ಅಮರೇಶಪ್ಪ ಎದ್ದು ಜಗುಲಿಗೆ ಬಂದ.

ಅಲ್ಲಿ ನುಗ್ಗುವವರ, ಕಾಯುವವರ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿತ್ತು.

“ನಾನ್ ಹೇಳ್ತೀನಿ,” ಎಂದ ಅಮರೇಶಪ್ಪ.

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಜಗುಲಿಯ ಕಂಬ ಮಾತಾಡಿದ್ದರೂ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ.

ಅಮರೇಶಪ್ಪನಿಗೆ ತಿಳಿದಿದ್ದುದು ಇಷ್ಟೇ: ಕಳ್ಳ ಬರುವ ಮನೆಗೆ ಬಾಗಿಲು ತೆರೆದಿಟ್ಟರೆ ಕಳವಾಗುತ್ತದೆ. “ಎಲ್ರೂ ಮುಂದಕ್ಕೋಗ್ಬೇಕು,” ಎಂದ. “ಹತ್ತಕ್ಕೆ ಹತ್ತೂ ಜನ. ಹಿಂದೆ ಒಂದು ನರಪಿಳ್ಳೆ ಇರಬಾರ್ದು. ಗೋಲ್ ಕಾಯೋ ಗೋಲಿ ಒಬ್ನೇ ಇರ್ಲಿ. ಆ ಲಂಬೂನ ಒಂಟಿಯಾಗಿ ಬಿಟ್ಬುಡಿ. ಯಾರೂ ತಿರುಗಿ ನೋಡ್ಬಾರ್ದು.”

“ಏನ್ಲಾ, ಊರಿಗೆ ಬೆಂಕಿ ಇಡ್ತೀಯಾ?” ಎಂದು ಓಬಳೇಶಪ್ಪ ಕೂಗಿದ. ಆದರೆ ಜೋಗಪ್ಪ ಕಣ್ಣು ಮುಚ್ಚಿ ಯೋಚಿಸುತ್ತಿದ್ದ. ಯೋಚಿಸುತ್ತ ಯೋಚಿಸುತ್ತ ಅವನ ಮುಖ ಅರಳಿತು. “ಅಬ್ಬಾ ಅಮರೇಶಾ! ಇಷ್ಟು ದಿನ ಈ ತಲೇನ ಗುಂಡಿಯೊಳಗೆ ಬಚ್ಚಿಟ್ಟಿದ್ಯಲ್ಲಲಾ!” ಎಂದು ಅವನನ್ನು ತಬ್ಬಿಕೊಂಡು, ಅಕ್ಕನ ಮಗನಿಗೆ ಹೇಳಲು ಓಡಿದ. ತನ್ನ ಮಾತೇ ನಡೆಯಿತೆಂಬ ಸಂತೋಷಕ್ಕೆ ಹಾಗಾಡುತ್ತಿದ್ದಾನೆ ಎಂದುಕೊಂಡ ಅಮರೇಶಪ್ಪ. ತನ್ನ ಊರಿಗೆ ತಾನೇ ದ್ರೋಹ ಬಗೆದೆನಲ್ಲ ಎನ್ನಿಸಿತು. ಮಗಳ ಮುಖ ನೆನೆದು ನುಂಗಿಕೊಂಡ. ರಾಮಕ್ಕನಿಗೆ ತಾಂಬೂಲದ ತಟ್ಟೆ ಸಿದ್ಧ ಮಾಡಲು ಹೇಳಿ ಮೈದಾನಕ್ಕೆ ಹೊರಟ.

ಪಂದ್ಯ ಶುರುವಾಯಿತು. ಹಿಂದೂಪುರದ ಹತ್ತೂ ಜನ ಸಂತೆಗೆ ಬಿಟ್ಟ ಕುರಿಗಳಂತೆ ಎದುರಾಳಿಯ ಗೋಲಿನ ಕಡೆಗೆ ನುಗ್ಗಿದರು. ಈ ಕಡೆ ಬಯಲೇ ಬಯಲು. ಅದರ ನಡುವೆ ಲಂಬೂ ಒಬ್ಬನೇ ನಿಂತಿದ್ದ. ಹಿಂದಿನಿಂದ ಚೆಂಡು ಉದ್ದಕ್ಕೆ ಹಾರಿ ಬಂದು ಅವನ ಕಾಲಿಗೇ ಬಿತ್ತು. ಅಮರೇಶಪ್ಪ ಕಣ್ಣುಮುಚ್ಚಿ ಆಂಜನೇಯನನ್ನು ನೆನೆದ. ಸೀಟಿ ಕೇಳಿಸಿತು.

“ಗೋಲಾ?” ಎಂದು ಕೇಳಿದ, ಮುಖದ ತುಂಬ ಆಸೆ ತುಂಬಿಕೊಂಡು.

“ಗೋಲೆಲ್ಲಿ ಬಂತು? ಆಫ್‌ಸೈಡ್!” ಜೋಗಪ್ಪ ಕುಣಿಯುತ್ತಿದ್ದ.

“ಅಂಗಂದ್ರೆ?”

“ತಮಾಸೆ ಮಾಡ್ತೀಯೇನ್ಲಾ? ನಮ್ಮೋರೆಲ್ಲ ಅವ್ರ ಕಡೆ ಹೋಗವ್ರೆ. ಅವ್ನ ಮುಂದೆ ಇರೋದು ನಮ್ ಗೋಲಿ ಒಬ್ನೇ. ಚೆಂಡು ಒದಿಯೋವಾಗ ಕಮ್ಮಿ ಅಂದ್ರೂ ಇಬ್ರು ಇಲ್ದಿದ್ರೆ ಅವ್ನು ಆ ಚೆಂಡು ಆಡಂಗಿಲ್ಲ. ಅದೇ ಅಲ್ವಾ ಕಾಯ್ದೆ! ಅದನ್ನ ನಂಬ್ಕಂಡೇ ತಾನೆ ನೀನು ವ್ಯೂಹ ಹೇಳಿದ್ದು?”

ಇಂಥದ್ದೊಂದು ಕಾಯ್ದೆ ಭೂಮಿಯ ಮೇಲಿದೆ ಎಂದು ಅಮರೇಶಪ್ಪನಿಗೆ ಆಗ ತಿಳಿಯಿತು. ಬಾಗಿಲು ತೆರೆದಿಟ್ಟರೆ ಕಳ್ಳ ಒಳಗೆ ಬರಬಾರದೆಂಬ ಕಾಯ್ದೆಯನ್ನು ಯಾವ ಪುಣ್ಯಾತ್ಮ ಮಾಡಿದನೋ! ಮತ್ತೆ ಚೆಂಡು ಬಂತು, ಮತ್ತೆ ಸೀಟಿ. ಕಲ್ಯಾಣದುರ್ಗದವರಿಗೆ ಬರುತ್ತಿದ್ದುದು ಒಂದೇ ಆಟ. ಅದನ್ನೇ ಆಡುತ್ತ ಹೋದರು, ಅನಂತಪುರದಿಂದ ಬಂದ ರೆಫರಿ ಊದುತ್ತ ಹೋದ. ಆ ತುದಿಯಲ್ಲಿ ಪಾಪದ ಗಿರಿಯಪ್ಪನ ಮುಂದೆ ಹತ್ತು ಜನರ ಜಾತ್ರೆ. ಅವನಿಗೆ ಚೆಂಡು ಕಾಣುವಷ್ಟರಲ್ಲಿ ಅದು ಬಲೆಯೊಳಗಿರುತ್ತಿತ್ತು. ಒಂದು, ಎರಡು, ಮೂರು. ಪ್ರತಿ ಗೋಲಿಗೂ ಜನ ಅಮರೇಶಪ್ಪನ ಬೆನ್ನು ಗುದ್ದಿದರು. ಆರನೆಯದಕ್ಕೆ ಅವನು ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ.

“ಸಂತೋಸಕ್ಕೆ ಅಳ್ತಾವ್ನೆ ಪಾಪ!” ಎಂದ ಓಬಳೇಶಪ್ಪ, ತಾನೂ ಕಣ್ಣೊರೆಸಿಕೊಳ್ಳುತ್ತ.

ಆಟ ಮುಗಿದದ್ದೇ ತಡ, ಅಮರೇಶಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಇಳಿಸ್ರಪ್ಪಾ, ಇಳಿಸ್ರಪ್ಪಾ ಎಂದು ಅವನು ಎಷ್ಟು ಬೇಡಿಕೊಂಡರೂ ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಸ್ ನಿಲ್ದಾಣದ ಬಳಿ ಕಲ್ಯಾಣದುರ್ಗದ ಬಸ್ಸು ಹೊರಟು ನಿಂತಿತ್ತು. ಕಿಟಕಿಯಲ್ಲಿ ಶಂಕರಯ್ಯನವರ ಮುಖ ಕಾಣಿಸಿತು. ಪಕ್ಕದಲ್ಲಿ ಗಿರಿಯಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

“ಬೀಗ್ರೇ! ನಾನು ಹೇಳಿದ್ದು ಅಂಗಲ್ಲ ಬೀಗ್ರೇ...” ಎಂದು ಅಮರೇಶಪ್ಪ ಹೆಗಲ ಮೇಲಿಂದಲೇ ಕೈಮುಗಿದ.

“ನೋಡ್ಕಳಿ ಸ್ವಾಮಿ!” ಎಂದು ಜೋಗಪ್ಪ ಅವನಿಗಿಂತ ಗಟ್ಟಿಯಾಗಿ ಕೂಗಿದ. “ಆರಕ್ಕೆ ಆರೂ ಗೋಲು ಈ ಪುಣ್ಯಾತ್ಮನ ತಲೆಯಿಂದ ಬಂದಿದ್ದು! ನಿಮ್ಮ ಬೀಗ್ರೇ ಕಣಪ್ಪ!”

ಶಂಕರಯ್ಯನವರು ಕಿಟಕಿಯ ಗಾಜು ಎಳೆದುಕೊಂಡರು. ಬಸ್ಸು ಹೋಯಿತು.

ಮೆರವಣಿಗೆ ಅಮರೇಶಪ್ಪನ ಮನೆಯ ಮುಂದೆ ಬಂದು ನಿಂತಿತು. ರಾಮಕ್ಕ ತಾಂಬೂಲದ ತಟ್ಟೆ ಹಿಡಿದು ಬೀಗರಿಗಾಗಿ ಬಾಗಿಲಲ್ಲಿ ಕಾದಿದ್ದಳು, ಅವಳ ಹಿಂದೆ ಹೂ ಮುಡಿದ ಗಂಗಾದೇವಿ ನಿಂತಿದ್ದಳು. ಗೆದ್ದವರಿಗೇ ಇಟ್ಟದ್ದೆಂದು ತಿಳಿದು ಓಬಳೇಶಪ್ಪ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಬಾಯಿಗಿಟ್ಟುಕೊಂಡ. ಜೋಗಪ್ಪ ತನ್ನ ಹೆಗಲ ಮೇಲಿನ ಟವೆಲನ್ನು ಅಮರೇಶಪ್ಪನ ತಲೆಗೆ ಪೇಟ ಸುತ್ತಿ, ಬೀದಿಗೆಲ್ಲ ಕೇಳುವಂತೆ ಹರಸಿದ.

“ನೀನು ನೂರು ವರ್ಷ ಬಾಳ್ಬೇಕು ಕಣ್ಲಾ ಅಮರೇಶಾ! ನೀನಿರೋಗಂಟ ಕಲ್ಯಾಣದುರ್ಗದೋರು ನಮ್ಮನ್ನ ಗೆಲ್ಲೋ ಮಾತೇ ಇಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗಾದೇವಿ ಅಪ್ಪನ ಮುಖವನ್ನು ಒಮ್ಮೆ ನೋಡಿ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು.